ಕವಚ ತೊಟ್ಟ ಕಾವಲುಗಾಡಿ

ಬೆಂಗಳೂರಿನ ಪೂರ್ವಭಾಗದಲ್ಲಿ ಜೀವನ್ ಬಿಮಾ ನಗರವೆಂಬ ಬಡಾವಣೆಯುಂಟು. ಜೀವವಿಮಾ ನಿಗಮದ ವಸತಿಗಳಿಂದ ಅದಕ್ಕೆ ಆ ಹೆಸರು ಬಂದಿತು. ವಿಮೆಯ ತತ್ತ್ವವು ಎಲ್ಲರಿಗೂ ತಿಳಿದುದೇ. ಎಂದೋ ಒಂದು ದಿನ ಬರಬಹುದಾದ, ಬಾರದೆಯೂ ಇರಬಹುದಾದ ಆಪತ್ತಿಗಾಗಿ ಇಂದಿನಿಂದಲೇ ತಪ್ಪದೆ ಕಂತು ಕಟ್ಟುತ್ತ ಹೋಗುವುದು. ಯುದ್ಧದ ಗಾಡಿಗೆ ಹೊದಿಸುವ ಉಕ್ಕಿನ ಕವಚವೂ ಒಂದು ಬಗೆಯ ವಿಮೆಯೇ ಸರಿ. ಆದರೆ ಅದರ ಕಂತನ್ನು ತೂಕದಲ್ಲಿ ಕಟ್ಟಬೇಕು. ಗುಂಡು ಬೀಳುವುದು ಎಂದೋ ಒಮ್ಮೆ. ಕವಚದ ಭಾರವನ್ನು ಮಾತ್ರ ಎಂಜಿನು, ಚಕ್ರ, ಅಚ್ಚುಗಳು ಪ್ರತಿ ಮೈಲಿಯಲ್ಲಿಯೂ ಹೊರಬೇಕು. ಈ ಕಂತು ಎಷ್ಟಿದ್ದರೆ ಸಾಕು, ಎಷ್ಟಾದರೆ ಅತಿಯಾಯಿತು ಎಂಬ ಪ್ರಶ್ನೆಯನ್ನು ಯಂತ್ರಶಿಲ್ಪಿಗಳು ಹೇಗೆ ಬಿಡಿಸಿದರೆಂಬುದನ್ನು ಒಂದೇ ಒಂದು ಗಾಡಿಯ ಉದಾಹರಣೆಯಿಂದ ಪರಿಶೀಲಿಸೋಣ. ಅದು ಸೇನಾ ಪೊಲೀಸರ ಗಾಡಿ.

ಸೇನಾ ಪೊಲೀಸರು ಬೆಂಗಳೂರಿನವರಿಗೆ ಅಪರಿಚಿತರಲ್ಲ. ಭಾರತದ ಸೇನಾ ಪೊಲೀಸು ದಳದ ತರಬೇತಿ ಕೇಂದ್ರ ಮತ್ತು ಶಾಲೆ ಇರುವುದು ಈ ನಗರದಲ್ಲಿಯೇ. ಕೆಂಪು ಟೋಪಿ ಧರಿಸಿದ ಈ ದಳದ ಯೋಧರು ಮೋಟಾರು ಸೈಕಲ್ಲುಗಳ ಮೇಲೆ ಕಸರತ್ತು ತೋರಿಸುವ ‘ಶ್ವೇತ ಅಶ್ವ’ ತಂಡವನ್ನು ಅನೇಕರು ನೋಡಿರಬಹುದು. ೨೦೨೧ರ ಮೇ ೮ರಂದು ೮೩ ಮಹಿಳಾ ಸೈನಿಕರ ಮೊದಲನೆಯ ತಂಡವು ಈ ಕೇಂದ್ರದಿಂದಲೇ ತರಬೇತಿ ಮುಗಿಸಿ ಹೊರಬಂದಿತು. ಶಾಂತಿಕಾಲದಲ್ಲಿ ಇವರ ಕೆಲಸ ಶಿಸ್ತುಪಾಲನೆ ಮತ್ತು ವಾಹನ ಸಂಚಾರದ ನಿಯಂತ್ರಣ. ಯುದ್ಧಕಾಲದಲ್ಲಿ ಅದೇ ಕೆಲಸವು ಬೇರೊಂದು ರೂಪವನ್ನು ತಾಳುತ್ತದೆ. ಮದ್ದುಗುಂಡು, ಇಂಧನ, ಆಹಾರಗಳನ್ನು ಹೊತ್ತ ನೂರಾರು ಲಾರಿಗಳನ್ನು ಸರಿಯಾದ ದಾರಿಯಲ್ಲಿ, ಸರಿಯಾದ ಹೊತ್ತಿಗೆ ರಣರಂಗದ ಬಳಿಗೆ ಕಳುಹಿಸಬೇಕು, ಸೆರೆಸಿಕ್ಕವರನ್ನು ಕಾಯಬೇಕು, ಸೇತುವೆ, ಕವಲುದಾರಿಗಳಲ್ಲಿ ನಿಲ್ಲಬೇಕು. ಹೋರಾಡುವ ತುಕಡಿ ಕಂದಕದಲ್ಲಿ ಅಡಗಿ ಕೂರಬಹುದು. ದಾರಿ ತೋರಿಸುವ ಪೊಲೀಸನಿಗೆ ಆ ಸೌಕರ್ಯವಿಲ್ಲ. ಎಲ್ಲರಿಗೂ ಕಾಣುವಂತೆ ರಸ್ತೆಯ ಮೇಲೆ ನಿಲ್ಲುವುದೇ ಅವನ ಉದ್ಯೋಗ.

ಬಹುಕಾಲ ಅವನಿಗೆ ದೊರೆತ ವಾಹನವೆಂದರೆ ತೆರೆದ ಜೀಪು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನಾ ಪೊಲೀಸರು ಜೀಪಿನ ತಳದಲ್ಲಿ ಮರಳಿನ ಚೀಲಗಳನ್ನು ಹಾಸಿಕೊಂಡು, ನಡುವೆ ಒಂದು ಮೆಷಿನ್ ಗನ್ನನ್ನು ನಿಲ್ಲಿಸಿಕೊಂಡು ಲಾರಿಗಳ ಸಾಲಿಗೆ ಕಾವಲು ಹೋಗುತ್ತಿದ್ದರು. ಸಮುದ್ರತೀರದ ಕ್ವಿನ್ಯಾನ್ ಬಂದರಿನಿಂದ ಘಟ್ಟವೇರಿ ಪ್ಲೇಕು ಊರಿಗೆ ಹೋಗುವ ೧೯ನೆಯ ಹೆದ್ದಾರಿ ಇಂಥ ಕಾವಲಿಗೆ ಹೆಸರಾದ ದಾರಿ. ನಮ್ಮ ಶಿರಾಡಿ ಘಟ್ಟವನ್ನು ಕಂಡವರಿಗೆ ಆ ದಾರಿಯ ಸ್ವರೂಪವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಏರಿನಲ್ಲಿ ಏದುಸಿರು ಬಿಡುತ್ತ ಆಮೆಯಂತೆ ಸಾಗುವ ಲಾರಿಗಳು. ೧೯೬೭ರ ಸೆಪ್ಟೆಂಬರ್ ೨ರಂದು ಈ ದಾರಿಯಲ್ಲಿ ಹೊಂಚುಹಾಕಿ ಕುಳಿತಿದ್ದವರ ದಾಳಿಗೆ ಸಿಕ್ಕಿ ಒಂದು ಲಾರಿ ಸಾಲಿನ ಬಹುಭಾಗವು ಹಾಳಾಯಿತು. ಮುಂದೆ ಲಾರಿಯ ಚಾಲಕರೇ ಹಲಗೆ, ಮರಳು, ತಗಡುಗಳಿಂದ ತಮ್ಮ ಕೆಲವು ಲಾರಿಗಳಿಗೆ ಕವಚ ಕಟ್ಟಿಕೊಳ್ಳತೊಡಗಿದರು.

ಇದಕ್ಕಿಂತಲೂ ಕಟುವಾದ ಪಾಠವು ನಗರದೊಳಗೆ ದೊರೆಯಿತು. ೧೯೬೮ರ ಜನವರಿ ೩೧ರ ಬೆಳಗಿನ ಜಾವ ಸೈಗಾನ್ ನಗರದ ಹಲವು ಕಡೆ ಒಮ್ಮೆಗೇ ದಾಳಿ ನಡೆದಾಗ ಮೊದಲು ಧಾವಿಸಬೇಕಾದವರು ಅಲ್ಲಿದ್ದ ಸೇನಾ ಪೊಲೀಸರು. ಅವರ ತುಕಡಿಯೊಂದು ಸಾಮಾನ್ಯ ಲಾರಿಯಲ್ಲಿ ಕುಳಿತು ಇಕ್ಕಟ್ಟಾದ ಗಲ್ಲಿಯನ್ನು ಹೊಕ್ಕಿತು; ಎರಡು ಕಡೆಯಿಂದಲೂ ಗುಂಡು, ರಾಕೆಟ್ಟುಗಳು ಎರಗಿದವು. ಆ ಒಂದು ಗಲ್ಲಿಯಲ್ಲಿ ಹದಿನಾರು ಮಂದಿ ಸತ್ತರು. ಲಾರಿಯ ಪಕ್ಕದ ತಗಡು ಮಳೆಯ ಎರಚಲನ್ನು ತಡೆಯಬಲ್ಲುದು, ಬಂದೂಕಿನ ಗುಂಡನ್ನಲ್ಲ. ಪೊಲೀಸನಿಗೆ ಕವಚದ ಗಾಡಿ ಬೇಕೆ ಎಂಬ ಚರ್ಚೆಗೆ ಆ ಬಳಿಕ ಎಡೆಯುಳಿಯಲಿಲ್ಲ.

ಅಂಥ ಗಾಡಿಯು ಅಷ್ಟರಲ್ಲಾಗಲೇ ಸಿದ್ಧವಾಗಿ ಬಳಕೆಗೆ ಬರತೊಡಗಿತ್ತು. ಅಮೆರಿಕದ ಮಿಷಿಗನ್ ಸಂಸ್ಥಾನದ ಕ್ಯಾಡಿಲಾಕ್ ಗೇಜ್ ಕಂಪನಿಯು ೧೯೬೦ರ ದಶಕದ ಆರಂಭದಲ್ಲಿ ನಿರ್ಮಿಸಿದ ‘ವಿ-೧೦೦ ಕಮಾಂಡೊ’ ಎಂಬ ನಾಲ್ಕು ಚಕ್ರದ ಗಾಡಿ ಅದು. ಉದ್ದ ಸುಮಾರು ೫.೭ ಮೀಟರು, ಅಗಲ ೨.೨೬ ಮೀಟರು, ತೂಕ ಸುಮಾರು ೭.೪ ಟನ್ನು. ಹಿಂಭಾಗದಲ್ಲಿ ಎಂಟು ಸಿಲಿಂಡರುಗಳ ಕ್ರೈಸ್ಲರ್ ಪೆಟ್ರೋಲ್ ಎಂಜಿನು. ಅದರ ಬಲ ೨೦೦ ಅಶ್ವಶಕ್ತಿಗೆ ಕೊಂಚ ಕಡಮೆ. ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಹರಿಯುತ್ತದೆ. ಒಳ್ಳೆಯ ರಸ್ತೆಯಲ್ಲಿ ಗಂಟೆಗೆ ೧೦೦ ಕಿಲೋಮೀಟರು ಓಡಬಲ್ಲುದು. ನೆತ್ತಿಯ ಮೇಲೆ ಸುತ್ತಲೂ ತಿರುಗುವ ಪುಟ್ಟ ಗೋಪುರ, ಅದರಲ್ಲಿ ಸಾಮಾನ್ಯವಾಗಿ ಎರಡು ಮೆಷಿನ್ ಗನ್ನುಗಳು. ಗಾಡಿಯ ಗೋಡೆಗಳಲ್ಲಿ ಒಳಗಿನಿಂದ ಬಂದೂಕು ಹಾರಿಸಲು ಕಿಂಡಿಗಳೂ ಹೊರಗೆ ನೋಡಲು ದಪ್ಪ ಗಾಜಿನ ಗವಾಕ್ಷಿಗಳೂ ಇದ್ದವು. ಆಯುಧಗಳ ವಿಷಯ ಇಷ್ಟು ಸಾಕು. ಅವುಗಳಲ್ಲಿ ಹೊಸತೇನೂ ಇರಲಿಲ್ಲ. ಸ್ವಾರಸ್ಯವಿರುವುದು ಅವುಗಳನ್ನು ಹೊತ್ತ ಪೆಟ್ಟಿಗೆಯಲ್ಲಿ.

ಮೊದಲು ಕವಚದ ಲೆಕ್ಕವನ್ನು ನೋಡೋಣ. ಸೈನಿಕರ ೭.೬೨ ಮಿಲಿಮೀಟರಿನ ಬಂದೂಕಿನಿಂದ ಹೊರಡುವ ಗುಂಡಿನ ತೂಕ ಸುಮಾರು ಒಂಬತ್ತೂವರೆ ಗ್ರಾಮು. ಬಾಯಿಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ೮೩೦ ಮೀಟರಿನಷ್ಟು. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ ಅರ್ಧ ಮಾಡಿದರೆ ಅದರ ಚಲನಶಕ್ತಿ ಸುಮಾರು ೩,೩೦೦ ಜೂಲುಗಳೆಂದು ತಿಳಿಯುತ್ತದೆ. ಅರುವತ್ತೈದು ಕಿಲೋಗ್ರಾಂ ತೂಗುವ ಮನುಷ್ಯನನ್ನು ಐದು ಮೀಟರಿಗಿಂತ ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಅದು! ಅಷ್ಟೂ ಶಕ್ತಿ ಒಂದು ಹುರಳಿಕಾಳಿಗಿಂತ ತುಸು ದೊಡ್ಡದಾದ ಜಾಗದ ಮೇಲೆ ಎರಗುತ್ತದೆ. ವಿ-೧೦೦ರ ಕವಚದ ದಪ್ಪವಾದರೋ ೬.೩೫ ಮಿಲಿಮೀಟರು, ಎಂದರೆ ಕಾಲು ಅಂಗುಲ ಮಾತ್ರ. ಇಷ್ಟು ತೆಳುವಾದ ತಟ್ಟೆಯು ಗುಂಡನ್ನು ತಡೆಯುವುದು ಅದರ ಕಾಠಿಣ್ಯದಿಂದ. ಮಾಮೂಲಿ ಉಕ್ಕು ಗುಂಡಿನ ಪೆಟ್ಟಿಗೆ ತಗ್ಗಿ ದಾರಿ ಕೊಟ್ಟೀತು. ‘ಕ್ಯಾಡಲಾಯ್’ ಎಂಬ ಹೆಸರಿನಿಂದ ಕಂಪನಿಯು ತಯಾರಿಸಿದ ಮಿಶ್ರಲೋಹದ ಉಕ್ಕು ತಾನು ತಗ್ಗದೆ ಗುಂಡನ್ನೇ ಚಪ್ಪಟೆ ಮಾಡುತ್ತದೆ, ಇಲ್ಲವೆ ಒಡೆಯುತ್ತದೆ. ಆದರೆ ಕಾಠಿಣ್ಯ ಹೆಚ್ಚಿದಂತೆ ಉಕ್ಕು ಗಾಜಿನಂತೆ ಬಿರುಕುಬಿಡುವ ಸ್ವಭಾವವನ್ನೂ ತಾಳುತ್ತದೆ. ಬೆಸುಗೆ ಹಾಕುವಾಗಿನ ಶಾಖದಿಂದ ಬೆಸುಗೆಯ ಅಂಚಿನಲ್ಲಿ ಹದ ಕೆಡುತ್ತದೆ. ನಮ್ಮ ಕಮ್ಮಾರರಿಗೆ ಇದು ಹೊಸ ಮಾತಲ್ಲ. ಅತಿಯಾಗಿ ಹದವೇರಿದ ಕುಡುಗೋಲು ಕಲ್ಲಿಗೆ ತಗಲಿದರೆ ಬಾಯಿ ಮುರಿಯುತ್ತದೆ.

ಇನ್ನು ಕಂತಿನ ಮಾತು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ ಸುಮಾರು ೭,೮೫೦ ಕಿಲೋಗ್ರಾಂ. ಆದುದರಿಂದ ಕಾಲು ಅಂಗುಲದ ತಟ್ಟೆಯು ಚದರ ಮೀಟರಿಗೆ ಹೆಚ್ಚು ಕಡಮೆ ೫೦ ಕಿಲೋಗ್ರಾಂ ತೂಗುತ್ತದೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಲೆಕ್ಕಮಾಡಲಿ: ಗಾಡಿಯ ಒಡಲನ್ನು ೫.೫ ಮೀಟರು ಉದ್ದ, ೨.೨ ಮೀಟರು ಅಗಲ, ೧.೬ ಮೀಟರು ಎತ್ತರದ ಪೆಟ್ಟಿಗೆಯೆಂದು ಭಾವಿಸಿದರೆ ಅದರ ಆರೂ ಮುಖಗಳ ಒಟ್ಟು ವಿಸ್ತೀರ್ಣ ಸುಮಾರು ೪೯ ಚದರ ಮೀಟರು. ಬರಿಯ ಕವಚವೇ ಎರಡೂವರೆ ಟನ್ನಿನ ಆಸುಪಾಸಿಗೆ ಬಂದಿತು! ದಪ್ಪವನ್ನು ಇಮ್ಮಡಿ ಮಾಡಿ ಅರ್ಧ ಅಂಗುಲಕ್ಕೆ ಏರಿಸೋಣವೆಂದರೆ ಇನ್ನೂ ಎರಡೂವರೆ ಟನ್ನು ಸೇರುತ್ತದೆ. ನಿಜವಾದ ಗಾಡಿ ಚಚ್ಚೌಕವಾದ ಪೆಟ್ಟಿಗೆಯಲ್ಲ, ಇದು ಅಂದಾಜಿನ ಲೆಕ್ಕ; ಆದರೂ ಯಂತ್ರಶಿಲ್ಪಿಯ ತಲೆನೋವು ಎಲ್ಲಿಂದ ಹುಟ್ಟುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಜೋಡಿಸಿದರೆ ಈ ತೂಕವನ್ನು ಉಳಿಸಬಹುದೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದವಾಗುವಂತೆ, ಓರೆಯಾದ ತಟ್ಟೆಯನ್ನು ನೇರವಾಗಿ ಬರುವ ಗುಂಡು ಕೊರೆಯಬೇಕಾದ ದೂರವು ಹೆಚ್ಚುತ್ತದೆ. ನೆಟ್ಟಗಿನ ಸ್ಥಿತಿಯಿಂದ ೬೦ ಅಂಶ ಬಾಗಿಸಿದರೆ ೬.೩೫ ಮಿಲಿಮೀಟರಿನ ತಟ್ಟೆಯು ೧೨.೭ ಮಿಲಿಮೀಟರಿನಂತೆ ವರ್ತಿಸುತ್ತದೆ. ಸರಿ, ಆದರೆ ಒಂದು ಮೀಟರು ಎತ್ತರವನ್ನು ಮುಚ್ಚಲು ಆಗ ಎರಡು ಮೀಟರು ಉದ್ದದ ತಟ್ಟೆ ಬೇಕಾಗುತ್ತದೆಯಷ್ಟೆ! ತೂಕದಲ್ಲಿ ಉಳಿದುದೇನು? ಏನೂ ಇಲ್ಲ. ಓರೆಯ ನಿಜವಾದ ಲಾಭ ಬೇರೆಯದು. ಗಡುಸಾದ ಇಳಿಜಾರಿಗೆ ತಗುಲಿದ ಗುಂಡು ಮುಗ್ಗರಿಸುತ್ತದೆ, ಅದರ ಮೊನೆ ಪಕ್ಕಕ್ಕೆ ತಿರುಗುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಬಿಲ್ಲೆಗಲ್ಲು ಪುಟಿದು ಹೋಗುವಂತೆ ಜಾರಿ ಹೋಗುವುದೂ ಉಂಟು. ವಿ-೧೦೦ರ ಒಡಲಿನಲ್ಲಿ ನೆಟ್ಟಗಿನ ಗೋಡೆ ಕಾಣುವುದೇ ಅಪರೂಪ. ಮೂತಿ, ಪಕ್ಕೆ, ಬೆನ್ನು ಎಲ್ಲವೂ ಪಟ್ಟೆ ಹೊಡೆದ ರತ್ನದಂತೆ ಓರೆಯೋರೆ.

ಈ ಆಕಾರದಿಂದ ಇನ್ನೊಂದು ಪ್ರಯೋಜನವೂ ಇದ್ದಿತು. ತಳವು ದೋಣಿಯಂತಿದ್ದು ಎಲ್ಲ ಬಾಗಿಲುಗಳೂ ಬಿಗಿಯಾಗಿ ಮುಚ್ಚಿಕೊಳ್ಳುವುದರಿಂದ ಗಾಡಿಯು ನೀರಿನಲ್ಲಿ ತೇಲಬಲ್ಲುದಾಗಿತ್ತು. ಏಳೂವರೆ ಟನ್ನಿನ ಉಕ್ಕಿನ ಗಾಡಿ ತೇಲುವುದೆಂದರೆ ಆಶ್ಚರ್ಯವೆನಿಸಬಹುದು. ಆರ್ಕಿಮಿಡೀಸನ ನಿಯಮವನ್ನು ಬಲ್ಲವರಿಗೆ ಆಶ್ಚರ್ಯವಿಲ್ಲ. ೭.೪ ಘನ ಮೀಟರು ನೀರನ್ನು ಪಕ್ಕಕ್ಕೆ ಸರಿಸಿದರೆ ಸಾಕು, ಗಾಡಿ ನಿಂತಿತು. ನಮ್ಮ ಮೇಲಣ ಪೆಟ್ಟಿಗೆಯ ಲೆಕ್ಕದಂತೆ ಅದು ಸುಮಾರು ಅರುವತ್ತು ಸೆಂಟಿಮೀಟರು ಮುಳುಗಿದೊಡನೆ ಅಷ್ಟು ನೀರು ಸರಿದಿರುತ್ತದೆ. ಕವಚವನ್ನು ಇಮ್ಮಡಿ ಮಾಡಿದರೆ ಮತ್ತೆ ಇಪ್ಪತ್ತು ಸೆಂಟಿಮೀಟರು ತಗ್ಗುತ್ತದೆ. ಚೂಪಾದ ಮೂತಿಯ ನಿಜವಾದ ಗಾಡಿ ಇನ್ನೂ ಆಳಕ್ಕೆ ಇಳಿಯುತ್ತದೆ. ಆಗ ಸಣ್ಣ ಅಲೆಯೂ ನೆತ್ತಿಯ ಮೇಲೆ ಹರಿದೀತು. ನೀರಿನಲ್ಲಿ ಮುಂದೆ ಸಾಗಲು ಬೇರೆ ಯಂತ್ರವೇನೂ ಇರಲಿಲ್ಲ. ತಿರುಗುವ ಟೈರುಗಳ ಅಚ್ಚುಗಳೇ ಹುಟ್ಟುಗಳಂತೆ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ವೇಗ ಗಂಟೆಗೆ ಐದು ಕಿಲೋಮೀಟರಿಗಿಂತ ಕಡಮೆ, ಮನುಷ್ಯನ ನಡಿಗೆಯಷ್ಟು. ಸೇತುವೆ ಮುರಿದ ಹೊಳೆಯನ್ನು ದಾಟಲು ಅಷ್ಟು ಸಾಕು.

ಟ್ಯಾಂಕಿನಂತೆ ಸರಪಳಿ ಪಟ್ಟಿಗಳನ್ನು ತೊಡಿಸದೆ ಚಕ್ರಗಳನ್ನೇ ಏಕೆ ಇಟ್ಟರು? ಕೆಸರು ಗದ್ದೆಯಲ್ಲಿ ಪಟ್ಟಿಯೇ ಮೇಲೆಂಬುದು ನಿಜ. ಆದರೆ ಪೊಲೀಸನ ಕಾರ್ಯಕ್ಷೇತ್ರ ರಸ್ತೆ. ಲಾರಿಗಳ ವೇಗಕ್ಕೆ ಸರಿಯಾಗಿ ಅವನು ದಿನಕ್ಕೆ ನೂರಾರು ಕಿಲೋಮೀಟರು ಓಡಬೇಕು. ಪಟ್ಟಿಯ ಗಾಡಿಗಳು ಇಂಧನವನ್ನು ಹೆಚ್ಚು ಕುಡಿಯುತ್ತವೆ, ಬೇಗ ಸವೆಯುತ್ತವೆ, ಡಾಂಬರು ರಸ್ತೆಯನ್ನು ಉತ್ತುಹಾಕುತ್ತವೆ. ಅವುಗಳ ಸದ್ದು ಅವುಗಳಿಗಿಂತ ಮೊದಲೇ ಊರನ್ನು ತಲುಪುತ್ತದೆ. ಚಕ್ರಕ್ಕಿರುವ ದೊಡ್ಡ ಭಯವೆಂದರೆ ಗುಂಡು ತಗುಲಿ ಗಾಳಿ ಹೋಗುವುದು. ಅದಕ್ಕಾಗಿ ಪಕ್ಕಗಳನ್ನು ಬಹಳ ದಪ್ಪವಾಗಿ ಮಾಡಿದ ಟೈರುಗಳನ್ನು ತೊಡಿಸಿದರು. ಗಾಳಿಯೆಲ್ಲ ಹೋದ ಮೇಲೂ ಅಪಾಯದ ಜಾಗದಿಂದ ಪಾರಾಗುವಷ್ಟು ದೂರ ಗಾಡಿ ಓಡಬಲ್ಲುದಾಗಿತ್ತು.

ಕಾವಲಿಗೆ ಚಕ್ರವೇ ಲೇಸೆಂಬುದಕ್ಕೆ ನಮ್ಮವರು ಕಣ್ಣಾರೆ ಕಂಡ ಇನ್ನೊಂದು ನಿದರ್ಶನವುಂಟು. ಕೊಡಗಿನ ವೀರರಾದ ಜನರಲ್ ಕೆ. ಎಸ್. ತಿಮ್ಮಯ್ಯನವರು ೧೯೬೪ರಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾದರು. ೧೯೬೫ರ ಡಿಸೆಂಬರಿನಲ್ಲಿ ಅಲ್ಲಿಯೇ ನಿಧನ ಹೊಂದಿದರು. ಆ ಪಡೆಯು ಜಗಳವಾಡುವ ಎರಡು ಜನಾಂಗಗಳ ನಡುವೆ ಓಡಿಸುತ್ತಿದ್ದ ಗಾಡಿಗಳಲ್ಲಿ ಬ್ರಿಟನ್ನಿನ ಡೈಮ್ಲರ್ ಕಂಪನಿಯ ‘ಫೆರೆಟ್’ ಒಂದು. ಇಬ್ಬರೇ ಕೂರುವ, ನಾಲ್ಕೇ ಟನ್ನಿನ ಈ ಪುಟ್ಟ ಕವಚದ ಗಾಡಿಯಲ್ಲಿ ಒಂದು ವಿಶೇಷವಿತ್ತು: ಮುಂದಕ್ಕೆ ಐದು ಗೇರುಗಳಿದ್ದಂತೆ ಹಿಂದಕ್ಕೂ ಐದೇ ಗೇರುಗಳು. ತಿರುಗಿಸಲು ಜಾಗವಿಲ್ಲದ ಬೀದಿಯಲ್ಲಿ ಎದುರಿಗೆ ಅಪಾಯ ಕಂಡರೆ ಬಂದಷ್ಟೇ ವೇಗದಿಂದ ಹಿಂದಕ್ಕೆ ಓಡಬಹುದು. ನಾವು ಕೇಳಿದರೆ ಇದೇ ಫೆರೆಟ್ಟಿನ ಅತಿ ಜಾಣತನದ ಅಂಗವೆನ್ನುತ್ತೇವೆ. ಸೈಗಾನಿನ ಗಲ್ಲಿಯನ್ನು ನೆನೆದರೆ ಕಾರಣ ತಿಳಿಯುತ್ತದೆ.

ವಿ-೧೦೦ರ ದೌರ್ಬಲ್ಯವಿದ್ದುದು ಕವಚದಲ್ಲಿ ಅಲ್ಲ, ಅದರ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ. ಎರಡು ಚಕ್ರಗಳನ್ನು ಕೂಡಿಸುವ, ಲಾರಿಯವರು ಆಕ್ಸಲ್ ಎನ್ನುವ ಅಚ್ಚನ್ನು ಹೊಸದಾಗಿ ನಿರ್ಮಿಸದೆ ಅಮೆರಿಕದ ಸೈನ್ಯದ ಎರಡೂವರೆ ಟನ್ನಿನ ಲಾರಿಯಿಂದ ಹೆಚ್ಚು ಮಾರ್ಪಾಡಿಲ್ಲದೆ ತೆಗೆದುಕೊಂಡಿದ್ದರು. ಆಲೋಚನೆಯೇನೋ ಚೆನ್ನಾಗಿದೆ. ಆ ಲಾರಿ ಇಲ್ಲದ ಶಿಬಿರವೇ ಇರಲಿಲ್ಲ. ಬಿಡಿಭಾಗಗಳು ಎಲ್ಲೆಡೆಯೂ ಸಿಕ್ಕುತ್ತಿದ್ದವು, ರಿಪೇರಿ ಬಲ್ಲವರೂ ಇದ್ದರು. ಆದರೆ ಲೆಕ್ಕ ನೋಡಿ. ಆ ಲಾರಿಯ ಸ್ವಂತ ತೂಕ ಸುಮಾರು ೫.೯ ಟನ್ನು, ರಸ್ತೆ ಬಿಟ್ಟು ಓಡುವಾಗ ಅದರ ಮೇಲೆ ಹೇರಬೇಕಾದುದು ೨.೩ ಟನ್ನು. ಒಟ್ಟು ೮.೨ ಟನ್ನನ್ನು ಮೂರು ಅಚ್ಚುಗಳು ಹಂಚಿಕೊಂಡರೆ ಒಂದೊಂದರ ಪಾಲಿಗೆ ಸರಾಸರಿ ೨.೭ ಟನ್ನು. ವಿ-೧೦೦ಕ್ಕೆ ಇದ್ದುದು ಎರಡೇ ಅಚ್ಚು. ಒಂದೊಂದರ ಮೇಲೆ ೩.೭ ಟನ್ನು. ಹೇರು ಇಳಿಸಿ ಹಗುರವಾಗುವ ಭಾಗ್ಯ ಲಾರಿಗುಂಟು, ಈ ಗಾಡಿಗಿಲ್ಲ. ಅದರ ಹೇರು ಅದರ ಚರ್ಮವೇ ಆಗಿತ್ತು. ಹಳ್ಳದಿಣ್ಣೆಗಳಲ್ಲಿ ವೇಗವಾಗಿ ಓಡಿಸಿದಾಗ ಅಚ್ಚುಗಳು ಮುರಿಯುತ್ತಿದ್ದುದರಲ್ಲಿ ವಿಚಿತ್ರವೇನೂ ಇಲ್ಲ. ಗುಂಡನ್ನು ಗೆದ್ದ ಗಾಡಿ ಗುಂಡಿಗೆ ಸೋಲುತ್ತಿತ್ತು.

ಎರವಲು ತಂದ ಅಡಿಗಟ್ಟಿನ ಮೇಲೆ ಕವಚ ಕಟ್ಟುವುದು ಭಾರತಕ್ಕೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದ ಸಾಕಷ್ಟು ಗಾಡಿಗಳು ಬಾರದಿದ್ದಾಗ ಕೆನಡಾದಿಂದ ಫೋರ್ಡ್ ಲಾರಿಗಳ ಚಾಸಿಗಳನ್ನು ತರಿಸಿ, ಟಾಟಾ ಕಾರ್ಖಾನೆಯ ಉಕ್ಕಿನ ತಟ್ಟೆಗಳನ್ನು ರೈಲ್ವೆ ಕಾರ್ಯಾಗಾರಗಳಲ್ಲಿ ಜೋಡಿಸಿ, ನಾಲ್ಕು ಸಾವಿರಕ್ಕೂ ಹೆಚ್ಚು ಕವಚದ ಗಾಡಿಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸಿದರು. ಸೈನಿಕರು ಅವನ್ನು ‘ಟಾಟಾನಗರ’ ಎಂದೇ ಕರೆದರು. ಅವು ಕಾವಲಿಗೂ ಗಸ್ತಿಗೂ ಉಪಯೋಗವಾದವು. ಯುದ್ಧವು ಯಂತ್ರಶಿಲ್ಪಿಗೆ ಹತ್ತು ವರ್ಷದ ಗಡುವು ಕೊಡುವುದಿಲ್ಲ; ಕೈಗೆ ಸಿಕ್ಕಿದ ಚಾಸಿಯೇ ಆಗಬೇಕು.

ಕವಚವು ತಡೆಯಲಾರದ್ದು ಯಾವುದು ಎಂಬುದನ್ನೂ ಹೇಳಬೇಕು. ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ಟಿನ ತಲೆಯಲ್ಲಿ ಆಲಿಕೆಯಾಕಾರದ ತಾಮ್ರದ ಪದರವೂ ಅದರ ಹಿಂದೆ ಸಿಡಿಮದ್ದೂ ಇರುತ್ತವೆ. ಮದ್ದು ಸಿಡಿದಾಗ ತಾಮ್ರವು ಸೂಜಿಯಂಥ ಧಾರೆಯಾಗಿ ಚಿಮ್ಮಿ ನೂರು ಮಿಲಿಮೀಟರಿಗೂ ಹೆಚ್ಚು ಉಕ್ಕನ್ನು ಕೊರೆಯುತ್ತದೆ. ಅದರ ಮುಂದೆ ಕಾಲು ಅಂಗುಲ ಯಾವ ಲೆಕ್ಕ? ಬಂದೂಕಿನ ಗುಂಡು, ಸಿಡಿದ ಬಾಂಬಿನ ಚೂರುಗಳು, ಇವೆರಡರಿಂದ ಉಳಿಸುವುದಷ್ಟೇ ಈ ಗಾಡಿಯ ಪ್ರತಿಜ್ಞೆಯಾಗಿತ್ತು. ಒಳಗಿನ ಸೆಕೆಯನ್ನಂತೂ ಕೇಳುವಂತಿಲ್ಲ; ಉಷ್ಣವಲಯದ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಉಕ್ಕಿನ ಪೆಟ್ಟಿಗೆ ರೊಟ್ಟಿ ಸುಡುವ ಭಟ್ಟಿಯಾಗುತ್ತದೆ.

ಹಾಗಿದ್ದರೂ ಅದರ ಮಾದರಿ ಲೋಕದಲ್ಲೆಲ್ಲ ಹರಡಿತು. ಪೋರ್ಚುಗಲ್ ದೇಶವು ಇದನ್ನೇ ಬಹುವಾಗಿ ಹೋಲುವ ‘ಷೈಮೀತ್’ ಎಂಬ ಗಾಡಿಯನ್ನು ತಯಾರಿಸಿತು. ೧೯೭೪ರ ಏಪ್ರಿಲ್ ೨೫ರಂದು ಆ ದೇಶದ ಸರ್ವಾಧಿಕಾರವು ಉರುಳಿದಾಗ ಪದಚ್ಯುತ ಪ್ರಧಾನಿ ಕಯತಾನೊ ಅವರನ್ನು ರೊಚ್ಚಿಗೆದ್ದ ಜನಸಮೂಹದ ನಡುವಿನಿಂದ ಸುರಕ್ಷಿತವಾಗಿ ಹೊರಗೆ ಸಾಗಿಸಿದ್ದು ಅಂಥದೊಂದು ಗಾಡಿ. ಒಂದು ಜೀವವನ್ನು ಉಳಿಸಿದ ಈ ಸಂಗತಿಯು ಪೊಲೀಸು ಗಾಡಿಯ ಹೆಸರಿಗೆ ತಕ್ಕುದಾಗಿದೆ.

ಮುಂದಿನ ದಶಕಗಳಲ್ಲಿ ಅಪಾಯದ ದಿಕ್ಕೇ ಬದಲಾಯಿತು. ಪಕ್ಕದಿಂದ ಬರುತ್ತಿದ್ದುದು ಕೆಳಗಿನಿಂದ ಬರತೊಡಗಿತು. ರಸ್ತೆಯಲ್ಲಿ ಹೂತಿಟ್ಟ ನೆಲಬಾಂಬು ಕಾವಲುಗಾಡಿಯ ಮುಖ್ಯ ಶತ್ರುವಾಯಿತು. ಚಪ್ಪಟೆಯಾದ ತಳವು ಸ್ಫೋಟದ ಅನಿಲವನ್ನು ಅಂಗೈಯಂತೆ ತಡೆದು ಪೆಟ್ಟನ್ನೆಲ್ಲ ತಾನೇ ತಿನ್ನುತ್ತದೆ. ನೇಗಿಲ ಕುಳದಂತೆ ಎರಡು ಕಡೆಗೂ ಇಳಿಜಾರಾದ ತಳವು ಅದನ್ನು ಪಕ್ಕಗಳಿಗೆ ಹರಿಯಗೊಡುತ್ತದೆ. ತಳವು ನೆಲದಿಂದ ಎತ್ತರವಾಗಿದ್ದಷ್ಟೂ ಒತ್ತಡ ಕಡಮೆ; ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಭಾರತದಲ್ಲಿ ಮೇದಕ್ ಕಾರ್ಖಾನೆಯ ‘ಆದಿತ್ಯ’ ಇಂಥ ತಳದ ಗಾಡಿ. ಇದಕ್ಕೂ ಮಿತಿಯುಂಟು. ೨೦೦೫ರಲ್ಲಿ ಛತ್ತೀಸಗಢದಲ್ಲಿ ನೆಲಬಾಂಬು ರಕ್ಷಿತ ವಾಹನವೊಂದರ ಕೆಳಗೆ ಭಾರೀ ಸಿಡಿಮದ್ದು ಸ್ಫೋಟಿಸಿ ಒಳಗಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹೂಳುವವನು ಇನ್ನಷ್ಟು ಮದ್ದನ್ನು ತುಂಬುವುದು ಸುಲಭ. ಗಾಡಿಗೆ ಇನ್ನಷ್ಟು ಉಕ್ಕನ್ನು ಹೊದಿಸುವುದು ಅಷ್ಟು ಸುಲಭವಲ್ಲ.

ವಿ-೧೦೦ರ ವಂಶದ ಕುಡಿಯಾದ ‘ಎಂ-೧೧೧೭’ ಎಂಬ ಗಾಡಿಯನ್ನು ಅಮೆರಿಕದ ಸೇನಾ ಪೊಲೀಸರಿಗೆಂದೇ ನಿರ್ಮಿಸಿದರು. ೨೦೦೩ರ ಬಳಿಕ ಇರಾಕಿನ ರಸ್ತೆಗಳಲ್ಲಿ ಅದು ಬಹಳವಾಗಿ ಬಳಕೆಗೆ ಬಂದಿತು. ಉಕ್ಕಿನ ಮೇಲೆ ಪಿಂಗಾಣಿಯ ಜಾತಿಯ ಗಡುಸು ಬಿಲ್ಲೆಗಳನ್ನು ಹೊದಿಸಿದ ಅದರ ಕವಚವು ೧೨.೭ ಮಿಲಿಮೀಟರಿನ ಭಾರಿ ಗುಂಡುಗಳನ್ನೂ ತಡೆಯುತ್ತದೆ. ಚಕ್ರದ ಕೆಳಗೆ ನೆಲಬಾಂಬು ಸಿಡಿದರೂ ಒಳಗಿನವರು ಬದುಕುವಂತೆ ತಳವನ್ನು ರೂಪಿಸಿದ್ದಾರೆ. ಅದರ ಕಂತನ್ನೂ ನೋಡಿ: ೭.೪ ಟನ್ನಿದ್ದ ತೂಕ ೧೩ ಟನ್ನನ್ನು ಮೀರಿತು. ಎಂಜಿನು ೨೬೦ ಅಶ್ವಶಕ್ತಿಯ ಡೀಸೆಲ್ ಆಗಿ ಬೆಳೆದರೂ ಓಟದ ವೇಗ ಹೆಚ್ಚಲಿಲ್ಲ, ಹಳೆಯ ನೂರು ಕಿಲೋಮೀಟರೇ. ಕುಳಿತುಕೊಳ್ಳುವವರ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ಈಜನ್ನು ಸಂಪೂರ್ಣವಾಗಿ ಬಿಡಬೇಕಾಯಿತು. ಒಂದೂವರೆ ಮೀಟರು ಆಳದ ನೀರಿನಲ್ಲಿ ನಡೆದು ದಾಟುವುದಷ್ಟೇ ಉಳಿಯಿತು. ಎರಡು ಚಕ್ರಗಳನ್ನು ಒಂದೇ ಗಟ್ಟಿ ದಂಡಕ್ಕೆ ಬಿಗಿಯುತ್ತಿದ್ದ ಲಾರಿಯ ಅಚ್ಚನ್ನು ಕಳಚಿಹಾಕಿ, ನಾಲ್ಕು ಚಕ್ರಗಳಿಗೂ ಪ್ರತ್ಯೇಕವಾದ ಸ್ಪ್ರಿಂಗುಗಳನ್ನೂ ತೋಳುಗಳನ್ನೂ ಅಳವಡಿಸಿದರು.